ಸೂರ್ಯಾಸ್ತಕ್ಕೆ ಬೆನ್ನು

ಮೂರನೆಯ ದಿನವೂ ಆ ಹುಡುಗಿ ಸೂರ್ಯಾಸ್ತಕ್ಕೆ ಬೆನ್ನು ಹಾಕಿ ನಿಂತಾಗ ಮುರಿಗೆಪ್ಪನಿಗೆ ಅನುಮಾನ ಹತ್ತಿತು. ಪಡುವಣದಲ್ಲಿ ದಾದರ್ ಕಡೆಯ ಟವರುಗಳೆಲ್ಲ ಸಾಲಾಗಿ ಕೆಂಪಗೆ ನಿಂತಿದ್ದವು. ಅವಳು ಆ ಕಡೆ ಹೊರಳಿಯೂ ನೋಡಲಿಲ್ಲ. ಮೊಳದುದ್ದದ ಲೆನ್ಸನ್ನು ಮೂಡಣಕ್ಕೆ ತಿರುಗಿಸಿದಳು. ಅಲ್ಲಿದ್ದದ್ದು ಇನ್ನೂ ಸಿಮೆಂಟು ಒಣಗದ ಒಂದು ಟವರು, ಅದರ ತಲೆಯ ಮೇಲೊಂದು ಕ್ರೇನು.

ಮುರಿಗೆಪ್ಪ ಮುಂಬಯಿಯ ಸಯನ್ನಿನ ಆ ಏಳು ಮಹಡಿಯ ಬಿಲ್ಡಿಂಗಿನ ವಾಚ್‌ಮನ್. ಹೊರಗಿನವರನ್ನು ಟೆರೇಸಿಗೆ ಬಿಡಕೂಡದೆಂಬುದು ಸೊಸೈಟಿಯ ಸೆಕ್ರೆಟರಿ ಸದಾನಂದರ ಕಟ್ಟಪ್ಪಣೆ. ಮಾಟುಂಗದಲ್ಲಿ ಹೋಟೆಲ್ ನಡೆಸುವ ಮನುಷ್ಯ. ಆಡಿದ ಮಾತಿನಿಂದ ಕದಲುವವರಲ್ಲ. ಈ ರವಿವಾರ ಊರಿಗೆ ಹೋಗಲು ರಜೆ ಕೊಡುವಾಗಲೂ ಅದನ್ನೇ ಹೇಳಿದ್ದರು: ಅಷ್ಟರೊಳಗೆ ಟೆರೇಸಿನ ವಿಷಯದಲ್ಲಿ ಏನಾದರೂ ಕಂಡರೆ ರಜೆಯಿಲ್ಲ.

ಆ ರಜೆ ಮುರಿಗೆಪ್ಪನಿಗೆ ಜೀವಕ್ಕೆ ಸಮ. ಸತ್ತ ಅಣ್ಣನ ಮಗ ಶರಣುವನ್ನು ಸಾಕಿ ದೊಡ್ಡವನನ್ನಾಗಿ ಮಾಡಿದವನು ಅವನು. ಶರಣುವಿಗೆ ಈಗ ಮೂವತ್ತೆರಡು. ನಾಲ್ಕು ಕಡೆ ಹೆಣ್ಣು ನೋಡಿದ್ದಾಗಿತ್ತು. ನಾಲ್ಕೂ ಕಡೆಯವರು ವಿಚಾರಿಸಲೆಂದು ಮುಂಬಯಿಗೆ ಬಂದು, ಹುಡುಗ ಸಂಜೆಯವರೆಗೆ ಕೆಳಗಿಳಿಯುವುದೇ ಇಲ್ಲವೆಂದು ಕೇಳಿ ಹಾಗೇ ರೈಲು ಹತ್ತಿದ್ದರು. ಶರಣು ಆ ಕ್ರೇನಿನ ಆಪರೇಟರು. ಇದು ಐದನೆಯ ಸಂಬಂಧ, ಇಂಡಿ ಊರಿನ ಶರಣಬಸಪ್ಪ ಮಾಸ್ತರರ ಮನೆ. ಇದೂ ತಪ್ಪಿದರೆ ಅಣ್ಣನ ಫೋಟೊಗೆ ಊದುಬತ್ತಿ ಹಚ್ಚುವುದಾದರೂ ಯಾವ ಮುಖದಿಂದ?

ಇಷ್ಟೆಲ್ಲ ಗೊತ್ತಿದ್ದೂ ಅವಳನ್ನು ಮೇಲೆ ಬಿಟ್ಟಿದ್ದ. ಗೇಟಿನಲ್ಲಿ ಅವನು ಬಾಯಿ ತೆರೆಯುವ ಮೊದಲೇ ಅವಳು ವಿಜಯಪುರದ ಕನ್ನಡದಲ್ಲಿ ಮಾತಾಡಿಸಿದ್ದಳು. ಊರೂರು ತಿರುಗಿ ಶಹರಗಳ ಫೋಟೊ ತೆಗೆಯುವುದು ಅವಳ ಕೆಲಸವಂತೆ. ಹಣೆಯ ಮೇಲಿನ ವಿಭೂತಿ ನೋಡಿ ತಾನು ಕನ್ನಡದವನೆಂದು ಗುರುತಿಸಿರಬೇಕೆಂದು ಹಿಗ್ಗಿದ ಮುರಿಗೆಪ್ಪ ಹೆಸರನ್ನೂ ಕೇಳದೆ ಬೀಗದ ಕೈ ತೆಗೆದ. ಇದಕ್ಕಿಂತ ಎತ್ತರದ ಬಿಲ್ಡಿಂಗುಗಳು ಆಚೆಗೆ ಬೇಕಾದಷ್ಟಿವೆ ಎಂದೂ ತಾನಾಗಿಯೇ ತಿಳಿಸಿದ.

“ಎತ್ತರದ್ದು ಹತ್ತಿದ್ರ ಅದಽ ಫೋಟೊದಾಗ ಬರಂಗಿಲ್ರಿ,” ಎಂದಳು ಅವಳು. “ಏನು ನೋಡಬೇಕೋ ಅದರ ಎದುರಿಗೆ ನಿಂದರಬೇಕು.”

ಮೊದಲ ದಿನ ಮುರಿಗೆಪ್ಪ ಚಹಾ ಕೊಟ್ಟು ಹರಟೆಗೆ ಕೂತ. ರವಿವಾರದ ಸುದ್ದಿ ತೆಗೆದು, ಹೆಣ್ಣು ನೋಡುವುದರಲ್ಲಿ ತಾನು ಪಳಗಿದವನೆಂದು ಕೊಚ್ಚಿಕೊಂಡ. ಫೋಟೊ ತರಿಸುವುದಿಲ್ಲ, ಹೆಸರು ಕೂಡ ಮೊದಲೇ ವಿಚಾರಿಸುವುದಿಲ್ಲ. ಹುಡುಗಿಯನ್ನು ಮಣೆಯ ಮೇಲೆ ಕೂರಿಸಿ ಹಿರಿಯರು ಕೇಳುವ ಮೊದಲ ಪ್ರಶ್ನೆಯೇ ಅದು. ತಲೆ ತಗ್ಗಿಸಿ, ತಂದೆಯ ಹೆಸರು ಸಮೇತ ಹೇಳಿದಳೆಂದರೆ ಅರ್ಧ ಪಾಸು. ಹುಡುಗಿಗೆ ಹುಡುಗ ಕಾಣುತ್ತಾನೆಯೇ ಎಂದು ಅವಳು ಕೇಳಿದಳು. ತಲೆ ತಗ್ಗಿಸಿದವಳಿಗೆ ಅವನ ಕಾಲ್ಬೆರಳು ಕಂಡರೆ ಹೆಚ್ಚು ಎಂದು ಮುರಿಗೆಪ್ಪ ನಕ್ಕ.

“ಆ್ಯಂಗಲ್ ಸರಿ ಇಲ್ಲ ಬಿಡ್ರಿ ಅದು,” ಎಂದಳು ಅವಳು, ನಗದೆ.

ಎರಡನೆಯ ದಿನ ಬೆಳಿಗ್ಗೆ ಬಂದವಳು ಸಂಜೆಯವರೆಗೆ ಜಾಗ ಬಿಟ್ಟು ಕದಲಲಿಲ್ಲ. ಇಂದು ಅವಳು ಟ್ರೈಪಾಡ್ ಸರಿಸಲು ಎದ್ದಾಗ, ನೀರಿನ ಟಾಕಿಯ ಕಟ್ಟೆಯ ಮೇಲೆ ತೆರೆದಿದ್ದ ಡೈರಿಯ ನಿನ್ನೆಯ ಪುಟದ ಕಡೆ ಮುರಿಗೆಪ್ಪ ಕಣ್ಣು ಹಾಯಿಸಿದ. ‘ಎಂಟು ಹತ್ತು: ಕ್ಯಾಬಿನ್ನಿಗೆ ಬಂದ. ಶುರು ಮಾಡುವ ಮೊದಲು ಕೈಮುಗಿದ. ಒಂದೂ ಕಾಲು: ಊಟ. ಅರ್ಧ ರೊಟ್ಟಿ ಕಾಗೆಗೆ. ಗುಟ್ಕಾ: ಎರಡೂ ದಿನ ಇಲ್ಲ. ಸಿಟ್ಟು: ಕೆಳಗಿನವರು ಕೂಗಾಡಿದರೂ ಕೈ ಬೀಸಿ ನಕ್ಕ.’

ಹೋದ ತಿಂಗಳು ಯಾರೋ ಹೀಗೆಯೇ ಫೋಟೊ ತೆಗೆದು, ವೇಳೆ ಬರೆದಿಟ್ಟು, ದೂರು ಕೊಟ್ಟು ಪಕ್ಕದ ಗಲ್ಲಿಯ ಸೈಟು ಬಂದ್ ಮಾಡಿಸಿದ್ದರು. ಅಲ್ಲಿಯ ಆಪರೇಟರು ಇನ್ನೂ ಖಾಲಿ ಕೂತಿದ್ದ. ಕೆಲಸವಿಲ್ಲದ ಹುಡುಗನಿಗೆ ಯಾವ ಮಾಸ್ತರ ಹೆಣ್ಣು ಕೊಡುತ್ತಾನೆ? ಕಾಗೆಗೆ ರೊಟ್ಟಿ ಹಾಕಿದ್ದೂ ಕಾನೂನಿನಲ್ಲಿ ತಪ್ಪೇ ಇರಬೇಕು, ಇಲ್ಲದಿದ್ದರೆ ಇವಳೇಕೆ ಬರೆದುಕೊಳ್ಳುತ್ತಾಳೆ? ತನ್ನ ಕೈಯಾರೆ ಬಾಗಿಲು ತೆರೆದು ಅಣ್ಣನ ಮಗನ ಬದುಕಿಗೆ ಕಲ್ಲು ಹಾಕಿದೆನಲ್ಲ ಎಂದು ಮುರಿಗೆಪ್ಪನಿಗೆ ಅಳುವೇ ಬಂತು.

“ಯವ್ವಾ, ಆ ಕ್ರೇನಿನ ಹುಡುಗ ಭಾಳ ಛಲೊ ಅದಾನ,” ಎಂದ. “ಅವನ ಮ್ಯಾಲ ಏನೂ ಬರೀಬ್ಯಾಡ.”

“ಛಲೊ ಅಂತ ನೀವು ಹೇಳಿದ್ರ ಆಗಂಗಿಲ್ರಿ. ನಾನಽ ನೋಡಬೇಕು.” ಅವಳು ಡೈರಿ ಮುಚ್ಚಿದಳು. “ನೋಡಿದ್ದಾತು.”

ಅಷ್ಟರಲ್ಲಿ ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದಾಯಿತು. ರಾತ್ರಿ ಹತ್ತಕ್ಕೆ ಹೋಟೆಲಿನಿಂದ ಬರಬೇಕಾದ ಸದಾನಂದರು ಸಂಜೆ ಆರಕ್ಕೇ ಬಂದು ಬಾಗಿಲಲ್ಲಿ ನಿಂತಿದ್ದರು. ಕ್ಯಾಮೆರಾ ನೋಡಿದರು, ಹುಡುಗಿಯನ್ನು ನೋಡಿದರು, ಕೊನೆಗೆ ಮುರಿಗೆಪ್ಪನನ್ನು ನೋಡಿದರು.

“ಎಂಥ ಮಾರಾಯ ಇದು? ಹೊರಗಿನವರನ್ನು ಬಿಡಬೇಡ ಅಂತ ಎಷ್ಟು ಸಲ ಹೇಳುವುದು? ರಜೆ ಕ್ಯಾನ್ಸಲ್.” ಆಮೇಲೆ ಅವಳ ಕಡೆ ತಿರುಗಿದರು. “ನಿಮ್ಮ ಹೆಸರು ಎಂಥದ್ದಮ್ಮ?”

ಮೂರು ದಿನದಲ್ಲಿ ತಾನು ಅದೊಂದನ್ನು ಕೇಳಿರಲೇ ಇಲ್ಲವೆಂದು ಮುರಿಗೆಪ್ಪನಿಗೆ ಆಗ ಹೊಳೆಯಿತು. ಅವಳು ಕ್ಯಾಮೆರಾ ಕೆಳಗಿಟ್ಟಳು. ಓಢಣಿಯನ್ನು ತಲೆಯ ಮೇಲೆ ಎಳೆದುಕೊಂಡು, ಟಾಕಿಯ ಕಟ್ಟೆಯ ಮೇಲೆ ಕಾಲು ಜೋಡಿಸಿ ಕೂತು, ಮುರಿಗೆಪ್ಪನ ಎದುರು ತಲೆ ತಗ್ಗಿಸಿದಳು.

“ದಾನೇಶ್ವರಿ ಅಂತರಿ. ಇಂಡಿ ಶರಣಬಸಪ್ಪ ಮಾಸ್ತರ ಮಗಳು. ಹೊರಗಿನಾಕಿ ಅಲ್ರಿ ಮಾವಾರ. ಹುಡುಗ ನನಗ ಪಸಂದ ಅದಾನ.”