ದರ್ಗಾದ ಚಾವಿ

ಲೋಬಾನದ ಹೊಗೆ ಮೂಗಿಗೆ ಬಿದ್ದರೆ ಇವತ್ತಿಗೂ ನನಗೆ ಚಿತ್ತಾಪುರದ ಹತ್ತಿರದ ನಮ್ಮೂರ ಹಳೆಯ ದರ್ಗಾ, ಅಜ್ಜಿಯ ಸೆರಗಿನ ಗಂಟು ನೆನಪಾಗುತ್ತವೆ.

ಆ ದರ್ಗಾದ ಚಾವಿ ಇರುತ್ತಿದ್ದದ್ದು ನಮ್ಮ ಮನೆಯಲ್ಲಿ, ಅಜ್ಜಿ ಲಿಂಗಪೂಜೆ ಮಾಡುವ ಜಗಲಿಯ ಪಕ್ಕದ ಗೂಟದಲ್ಲಿ. ಪ್ರತಿ ಗುರುವಾರ ದರ್ಗಾ ನೋಡಿಕೊಳ್ಳುವ ಮುಜಾವರ ಚಾಂದಸಾಬ ಬಂದು, ನಮ್ಮ ಕಟ್ಟೆಯ ಮೇಲೆ ಕೂತು ಚಹಾ ಕುಡಿದು, ಚಾವಿ ಒಯ್ಯುತ್ತಿದ್ದ. ಸಂಜೆ ತಂದುಕೊಡುತ್ತಿದ್ದ.

ನಿಜಾಮರ ಆಳಿಕೆಯ ಕೊನೆಯ ಬೇಸಿಗೆಯಲ್ಲಿ ರಜಾಕಾರರ ದಾಳಿಯ ಸುದ್ದಿ ಹಬ್ಬಿ, ಹಿಂದೂಗಳು ಮುಸಲ್ಮಾನರು ಒಬ್ಬರಿಗೊಬ್ಬರು ಅಂಜಿ ಬಾಗಿಲು ಹಾಕಿಕೊಂಡು ಕೂತಿದ್ದರು. ಒಂದು ಗುರುವಾರ ಚಾಂದಸಾಬ ಬರಲಿಲ್ಲ. ಅಪ್ಪ ಬೇಡವೆಂದರೂ ಕೇಳದೆ ಅಜ್ಜಿ ಚಾವಿಯನ್ನು ಸೆರಗಿಗೆ ಕಟ್ಟಿಕೊಂಡು, ನನ್ನ ಕೈ ಹಿಡಿದು ಹೊರಟಳು. ಪರಸಿಕಲ್ಲು ಹಾಸಿದ ದರ್ಗಾದ ಅಂಗಳ ಕಾಲು ಸುಡುತ್ತಿತ್ತು. ಚಾಂದಸಾಬ ಮುಚ್ಚಿದ ಬಾಗಿಲಿಗೆ ಒರಗಿ ಕೂತಿದ್ದ.

"ಯಾಕ ಬರ್ಲಿಲ್ಲೋ?" ಅಂದಳು ಅಜ್ಜಿ.

"ನಿಮ್ಮ ಓಣಿಗಿ ಬರ್ಲಿಕ್ಕ ಅಂಜಿಕಿ ಬಂತ್ರಿ ಅವ್ವಾರ."

"ನನಗೇನು ಇಲ್ಲಿಗಿ ಬರ್ಲಿಕ್ಕ ಅಂಜಿಕಿ ಇರ್ಲಿಲ್ಲೇನು? ಕೀಲಿ ತಗಿ" ಎಂದು ಸೆರಗಿನ ಗಂಟು ಬಿಚ್ಚಿ ಚಾವಿಯನ್ನು ಅವನ ಕೈಗಿಟ್ಟಳು.

ಒಳಗೆ ಕತ್ತಲೆ, ತಂಪು. ಅವನು ಕೆಂಡಕ್ಕೆ ಲೋಬಾನ ಹಾಕಿದ. ಅಜ್ಜಿ ದೀಪಕ್ಕೆ ಎಣ್ಣೆ ಹೊಯ್ದಳು.

"ಆಯಿ, ಚಾವಿ ನಮ್ಮನ್ಯಾಗ ಯಾಕ ಇಡ್ತಾರ?" ಎಂದು ಅಜ್ಜಿಯನ್ನು ಕೇಳಿದೆ.

"ಹಿರೇರು ಹಂಗ ಮಾಡಿಟ್ಟಾರ" ಅಂದಳು, ಅಷ್ಟೇ.

ಹೊರಡುವಾಗ ಚಾಂದಸಾಬ ತಲೆ ತಗ್ಗಿಸಿ, "ದಿನಮಾನ ಛಲೋ ಇಲ್ರಿ ಅವ್ವಾರ. ಸದ್ಯಕ್ಕ ಚಾವಿ ನನ್ನ ಬಲ್ಲೇ ಇರ್ಲಿ" ಅಂದ.

ಅಜ್ಜಿ ಕೈ ಚಾಚಿ ಚಾವಿ ಇಸಿದುಕೊಂಡಳು. ಸೆರಗಿಗೆ ಬಿಗಿಯಾಗಿ ಗಂಟು ಹಾಕುತ್ತ ಹೇಳಿದಳು: "ಇದು ನಿನ್ನ ಬಲ್ಲಿ ಇದ್ರ ನೀ ನಮ್ಮನಿಗಿ ಯಾಕ ಬರ್ತಿ? ಗುರುವಾರ ಚಹಾ ಇಟ್ಟಿರ್ತೀನಿ, ಬಾ."