ವಾಲ್ವ್ ರೇಡಿಯೊ ಬಳಗ

ಬೆಳಗಿನ ಕಾಫಿ ಮುಗಿಯುವ ಮೊದಲೇ ಕರಿಬಸವರಾಜ ಮೇಷ್ಟ್ರು ಇನ್ನೊಬ್ಬನನ್ನು ಗುಂಪಿನಿಂದ ಕಿತ್ತುಹಾಕಿದರು.

ಕೊಂಡಜ್ಜಿ ಊರಿನ ದಿನೇಶ್ ಎಂಬ ಹೊಸಬ. ಮಾಡಿದ ತಪ್ಪು ಇಷ್ಟೇ: ಅಜ್ಜಿಯ ಟ್ರಾನ್ಸಿಸ್ಟರ್ ಫೋಟೊ ಹಾಕಿ, ಇದನ್ನು ಮತ್ತೆ ಹಾಡಿಸುವುದು ಹೇಗೆ ಎಂದು ಕೇಳಿದ್ದ. ವಾಟ್ಸಾಪಿನ 'ವಾಲ್ವ್ ರೇಡಿಯೊ ಬಳಗ'ದ ನಾಲ್ಕನೇ ನಿಯಮ ಸ್ಪಷ್ಟವಾಗಿದೆ. ಒಳಗೆ ಗಾಜಿನ ವಾಲ್ವ್ ಉರಿಯದ ಯಾವ ಡಬ್ಬಿಗೂ ಅಲ್ಲಿ ಜಾಗವಿಲ್ಲ. ನಿಯಮ ಓದುವ ತಾಳ್ಮೆ ಇಲ್ಲದವನಿಗೆ ರೇಡಿಯೊ ಯಾಕೆ ಬೇಕು?

ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯ ಮನೆಯಲ್ಲಿ ಕೂತು, ನಿವೃತ್ತರಾದ ವರ್ಷವೇ ಮೇಷ್ಟ್ರು ಕಟ್ಟಿದ ಗುಂಪು ಅದು. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿದವರು. ಶಾಲೆ ಬಿಟ್ಟ ಮೇಲೆ ಅವರ ಮಾತಿಗೆ ಕಿವಿಗೊಡುವವರು ಉಳಿದಿದ್ದರೆ ಅದು ಆ ಗುಂಪಿನಲ್ಲಿ ಮಾತ್ರ. ಹಳೆಯ ರೇಡಿಯೊ ಹುಚ್ಚಿನ ಇನ್ನೂರು ಜನ ಸೇರಿದ್ದರು. ಫೋನು ಚಾರ್ಜಿಗೆ ಹಾಕಲು ಪುರುಸೊತ್ತು ಸಿಗದ ಕಾಲವೂ ಒಂದಿತ್ತು. ಪಿ.ಜೆ. ಬಡಾವಣೆಯಲ್ಲಿ ಔಷಧಿ ಅಂಗಡಿ ನಡೆಸುವ ಸುಧಾ, ತೀರಿಹೋದ ತಂದೆಯ ರೇಡಿಯೊ ಮೂಕಾಯಿತೆಂದು ಅತ್ತಾಗ, ಮೇಷ್ಟ್ರು ಫೋನಿನಲ್ಲೇ ಒಂದೊಂದು ತಂತಿ ಹುಡುಕಿಸಿ ಅದನ್ನು ಹಾಡಿಸಿದ್ದರು. ಅವತ್ತು ಅವಳು ಇನ್ನೊಮ್ಮೆ ಅತ್ತಿದ್ದಳು.

ಈಗ? ದಿನಕ್ಕೊಂದು ಪ್ರಶ್ನೆ. ಒಬ್ಬರು ಕೇಳುತ್ತಾರೆ, ಮೇಷ್ಟ್ರು ಉತ್ತರ ಬರೆಯುತ್ತಾರೆ, ಕೇಳಿದವರು ಕೈ ಮುಗಿಯುವ ಚಿತ್ರ ಹಾಕುತ್ತಾರೆ. ಉಳಿದವರ ಬಾಯಿಗೆ ಬೀಗ. ಎರಡು ವರ್ಷದಿಂದ ಇದೇ ಗತಿ.

ಕೇಳುವವರಿಗಾದರೂ ನೆನಪು ಬೇಡವೇ? ಸ್ಟೇಷನ್ ಮುಳ್ಳು ಓಡಿಸುವ ಡಯಲ್ಲಿನ ದಾರ ಕಟ್ಟುವುದು ಹೇಗೆಂದು ಸುಧಾ ಮೊನ್ನೆ ಕೇಳಿದಳು. ಹಿಂದೊಮ್ಮೆ ಅದನ್ನೇ ವಿಡಿಯೊ ಮಾಡಿ ಎಲ್ಲರಿಗೂ ತೋರಿಸಿದವಳು ಅವಳೇ. ಹರಿಹರದ ಕರೀಂ ಸಾಬ್ ಅಂತೂ ರಿಪೇರಿ ಕೆಲಸದಲ್ಲೇ ತಲೆ ಬೆಳ್ಳಗಾದವರು. ಗುಂಯ್ ಎನ್ನುವ ಸದ್ದು ಹೋಗಲಾಡಿಸಲು ಏನು ಮಾಡಬೇಕೆಂದು ಅವರೂ ಕೇಳಿದ್ದರು. ಕಂಡೆನ್ಸರ್ ಬದಲಿಸಿ ಎಂದು ಮೇಷ್ಟ್ರು ಬರೆದರು. ಪಾಪ, ವಯಸ್ಸಾದರೆ ಹೀಗೇ ಎಂದುಕೊಂಡರು.

ಮೇಷ್ಟ್ರು ಮದ್ದು ಮಾಡದೆ ಬಿಟ್ಟವರಲ್ಲ. ರಸಪ್ರಶ್ನೆ ಇಟ್ಟರು; ತಾವೇ ಕೇಳಿ, ಕಾದು ಕಾದು, ತಾವೇ ಉತ್ತರ ಬರೆದರು. ಶುಭೋದಯದ ಚಿತ್ರ ಹಾಕಿದವರನ್ನು ಹೊರಗಟ್ಟಿದರು. ರೇಡಿಯೊದ ಇಸವಿ ತಪ್ಪು ಬರೆದವರನ್ನು ಎಲ್ಲರೆದುರೇ ತಿದ್ದಿದರು. ಹನ್ನೊಂದಿದ್ದ ನಿಯಮಗಳನ್ನು ಇಪ್ಪತ್ತಕ್ಕೆ ಏರಿಸಿದರು. ಊಹೂಂ, ಎಲ್ಲವೂ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು.

ಸಾಕಾಗಿಹೋಗಿತ್ತು. ಇವತ್ತೇ ಗುಂಪು ಮುಚ್ಚಿಬಿಡುವುದು ಎಂದು ನಿಶ್ಚಯಿಸಿದರು. ಆದರೂ ಯಾರಾದರೊಬ್ಬರು ಬೇಡ ಅನ್ನಲಿ ಎಂಬ ಆಸೆ ಒಳಗೆಲ್ಲೋ ಇತ್ತು. ಕರೀಂ ಸಾಬರ ಅಂಗಡಿಗೆಂದು ಹರಿಹರದ ಬಸ್ಸು ಹತ್ತಿದರು.

"ಬರ್ರಿ ಮೇಷ್ಟ್ರೇ, ಕೂಡ್ರಿ." ಕರೀಂ ಸಾಬ್ ಬಿಚ್ಚಿಟ್ಟ ಮಿಕ್ಸಿಯನ್ನು ಪಕ್ಕಕ್ಕೆ ಸರಿಸಿ ಸ್ಟೂಲು ಒರೆಸತೊಡಗಿದರು.

"ಗುಂಪು ಮುಚ್ತೀನಿ ಸಾಬ್ರೇ."

ಸಾಬರ ಕೈಯ ಬಟ್ಟೆ ನಿಂತಿತು. "ಯಾಕ್ರೀ? ದಿನಾ ಒಬ್ರಾದ್ರೂ ಕೇಳ್ತಾರಲ್ಲ?"

"ಇನ್ನೂರು ಮಂದ್ಯಾಗ ಒಬ್ರು! ಉಳಿದೋರಿಗೆ ಏನು ರೋಗ? ರೀಲ್ಸ್ ನೋಡಾಕ ಟೈಮ್ ಐತೆ, ಒಂದು ಮಾತು ಬರೆಯಾಕ ಇಲ್ಲ. ನಾನೇನು ಗ್ವಾಡಿಗೆ ಪಾಠ ಹೇಳ್ಲಾ?"

"ಮುಚ್ಚಬ್ಯಾಡ್ರಿ ಮೇಷ್ಟ್ರೇ." ಸಾಬರು ಮೆಲ್ಲಗೆ ಹೇಳಿದರು. "ದಿನಾ ಒಬ್ರು ಬಂದೇ ಬರ್ತಾರೆ. ಅದೊಂದು ತಪ್ಪೋದಿಲ್ಲ. ನಾನು ಗ್ಯಾರಂಟಿ ಕೊಡ್ತೀನಿ."

ಇಂಥವರು ನಾಲ್ಕು ಜನ ಇದ್ದರೆ ಸಾಕು, ಬಳಗ ಮತ್ತೆ ಚಿಗುರುತ್ತದೆ. ಮುಚ್ಚುವುದಿಲ್ಲ ಎಂದರು. ಸಾಬರು ಖುಷಿಯಾಗಿ ತಮ್ಮ ಫೋನನ್ನು ಅವರ ಕೈಗಿಟ್ಟರು. "ಮೊನ್ನೆ ಒಂದು ಹಳೇ ರೇಡಿಯೊ ಬಂದೈತೆ, ಫೋಟೊ ನೋಡ್ತಿರ್ರಿ. ಚಾ ಹೇಳಿ ಬರ್ತೀನಿ."

ಫೋಟೊ ನೋಡುತ್ತಿದ್ದಂತೆ ಫೋನು ಟಿಣ್ ಎಂದಿತು. ಮೇಲೆ ಒಂದು ಹೆಸರು ಮೂಡಿತು: 'ರೇಡಿಯೊ ಗೆಳೆಯರು'. ಇಂಥ ಗುಂಪನ್ನು ಮೇಷ್ಟ್ರು ಕೇಳಿಯೇ ಇರಲಿಲ್ಲ. ಬೇರೆಯವರ ಫೋನು ಎಂಬ ಅಳುಕಿದ್ದರೂ ಬೆರಳು ಒತ್ತಿಬಿಟ್ಟಿತು.

ಒಳಗೆ ಸಂತೆ ನೆರೆದಿತ್ತು. ವಾಲ್ವ್, ಟ್ರಾನ್ಸಿಸ್ಟರ್, ಟೇಪ್ ರೆಕಾರ್ಡರ್ ಎಲ್ಲ ಕಲಸುಮೇಲೋಗರ. ಶುಭೋದಯದ ಗುಲಾಬಿಗಳು. ತಪ್ಪು ಇಸವಿಗಳು, ಯಾರೂ ತಿದ್ದಿಲ್ಲ. ಬೆಳಿಗ್ಗೆ ಹೊರಬಿದ್ದ ದಿನೇಶ್ ಆಗಲೇ ಅಲ್ಲಿದ್ದ. ಯಾರೋ ಹೇಳಿಕೊಟ್ಟಿದ್ದರು, ಅಜ್ಜಿಯ ಟ್ರಾನ್ಸಿಸ್ಟರ್ ಹಾಡುತ್ತಿತ್ತು, ಅಜ್ಜಿ ಬಾಯಿ ತುಂಬ ನಗುತ್ತಿದ್ದಳು. ಮೇಷ್ಟ್ರು ಸದಸ್ಯರ ಹೆಸರುಗಳನ್ನು ಓದುತ್ತ ಹೋದರು. ಅವರದೇ ಬಳಗ, ಅವರು ಹೊರಹಾಕಿದವರೂ ಸೇರಿ. ಗುಂಪು ಶುರುವಾಗಿ ಎರಡು ವರ್ಷ. ಕಟ್ಟಿದವಳು ಸುಧಾ.

ಮೇಷ್ಟ್ರ ಮೈ ಉರಿದುಹೋಯಿತು. ಉಂಡ ಮನೆಗೆ ಎರಡು ಬಗೆದಳಲ್ಲ! ತಮ್ಮನ್ನು ಇಲ್ಲಿ ಏನೆಂದು ಆಡಿಕೊಂಡು ನಕ್ಕಿದ್ದಾರೋ ಎಂದು ಹಳೆಯ ಮಾತುಗಳನ್ನೆಲ್ಲ ತಡಕಾಡಿದರು. ಒಂದು ಬೈಗುಳವೂ ಸಿಗಲಿಲ್ಲ. ಇದರಿಂದ ಸಿಟ್ಟು ಇನ್ನಷ್ಟು ಏರಿತು. ಸಾಬರು ಚಹಾ ಹಿಡಿದು ಬಾಗಿಲಿಗೆ ಬರುವುದಕ್ಕೂ, ಸುಧಾಳ ಹೊಸ ಸಂದೇಶ ಕೈಯಲ್ಲಿ ಟಿಣ್ ಎನ್ನುವುದಕ್ಕೂ ಸರಿಹೋಯಿತು.

"ನಾಳೆ ಮೇಷ್ಟ್ರ ಗುಂಪಿನಾಗ ಪ್ರಶ್ನೆ ಕೇಳೋ ಪಾಳಿ ನೌಮಾನ್‌ದು. ಡಯಲ್ ದಾರ, ಗುಂಯ್ ಸದ್ದು ಎರಡೂ ಕೇಳಿ ಆಗೈತೆ, ಬೇರೆ ಏನಾದ್ರೂ ಕೇಳಪ್ಪ. ಉತ್ತರ ಬಂದ ಕೂಡ್ಲೆ ಕೈ ಮುಗಿಯೋದು ಮರೀಬ್ಯಾಡ, ಅವ್ರು ಕಾಯ್ತಿರ್ತಾರೆ."