ಗಂಟಲಿನ ಹಸಿರು

“ನಿನ್ನೆಗಿಂತ ಕಡಿಮೆಯಾಗಿದೆಯಾ?”

ಕತ್ತಲು ಬಚ್ಚಲಲ್ಲಿ ಬಾಯಿ ತೆರೆದು ಕನ್ನಡಿ ನೋಡುತ್ತಾ ಶಾರ್ವರಿ ಐದನೇ ಸಲ ತನ್ನನ್ನೇ ಕೇಳಿಕೊಂಡಳು. ಗಂಟಲು ಇನ್ನೂ ಹಸಿರಾಗಿ ಹೊಳೆಯುತ್ತಿತ್ತು. ಲೋಕದ ರೋಗಾಣುಗಳೆಲ್ಲ ಕತ್ತಲಲ್ಲಿ ಹೊಳೆಯತೊಡಗಿ ಮೂವತ್ತು ವರ್ಷವಾಗಿತ್ತು. ಹಸಿರಾದರೆ ಮೇಲೆ ಕೂತಿದೆ, ಹಳದಿಯಾದರೆ ಜೀವಕೋಶದ ಒಳಹೊಕ್ಕಿದೆ ಎಂದು ಮಕ್ಕಳಿಗೂ ಗೊತ್ತು.

ಇಂದು ಅವಳ ಗಮಕ ವಾಚನದ ಕೊನೆಯ ದಿನ. ಎಲೆಅಡಿಕೆ ಜಗಿದು, ಹಸಿರು ಕಾಣದಂತೆ ಬಾಯಿ ಕೆಂಪಾಗಿಸಿಕೊಂಡು ಹೊರಟಳು.

ಸಭೆಯ ಬಾಗಿಲಲ್ಲಿ, ಕಪ್ಪು ಪರದೆಯ ಮರೆಯಲ್ಲಿ ಎಲ್ಲರ ಗಂಟಲು ನೋಡುವವರು ಪದ್ಮತ್ತೆ. “ವಾಚನಕ್ಕೆ ಮುಂಚೆ ಎಲೆಅಡಿಕೆ ಹಾಕೋದು ಯಾವತ್ತು ಕಲಿತೆಯೇ? ಬಾಯಿ ಮುಕ್ಕಳಿಸು.”

ಮುಕ್ಕಳಿಸಿದಳು. ಹಸಿರು ಬಯಲಾಯಿತು.

“ಒಂದೇ ಸಂಧಿ, ಅತ್ತೆ. ದೂರ ಕೂತು ಓದ್ತೀನಿ.”

ಅಷ್ಟರಲ್ಲಿ ವಿರೂಪಣ್ಣ ತಾತ ಪರದೆಯೊಳಗೆ ನುಸುಳಿದರು. ಮೂತ್ರಪಿಂಡ ಕಸಿಯಾದವರು, ಸಣ್ಣ ಸೋಂಕನ್ನೂ ತಾಳದ ಮೈ. “ಎಂಟು ದಿನ ಕೇಳಿದೀನಮ್ಮ. ಕೊನೇ ಸಂಧಿ ಕೇಳದೆ ಹೋಗ್ಲಾ? ಬರೀ ಹಸಿರು ತಾನೆ, ಓದು.”

“ಇಷ್ಟು ಹತ್ತಿರ ಬರಬೇಡಿ ತಾತ” ಎಂದಳು. ಅಷ್ಟು ಮಾತಿಗೇ ಅವರ ಬಿಳಿ ಶಲ್ಯದ ಮೇಲೆ ನಾಲ್ಕು ಹಸಿರು ಚುಕ್ಕೆಗಳು ಮಿನುಗಿದವು.

ಸೆರಗಿನಿಂದ ಬಾಯಿ ಮುಚ್ಚಿಕೊಂಡು ಶಾರ್ವರಿ ಹಿಂದೆ ಸರಿದಳು.

“ನಾನು ಓದೋದಿಲ್ಲ.”